ಪುಟ್ಟ ಕಲಾವಿದರ ನಿದ್ದೆಯೂ ಉಳಿಯಲಿ, ದುಡ್ಡೂ ಉಳಿಯಲಿ

ಮಾನ್ಯರೇ,

ಧಾರಾವಾಹಿಗಳಲ್ಲಿ ನಟಿಸುವ ಮಕ್ಕಳಿಗೆ ಕಾನೂನಿನ ರಕ್ಷಣೆ ಇದೆ ಎಂಬುದೇ ಎಷ್ಟೋ ಹೆತ್ತವರಿಗೆ ಗೊತ್ತಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಕನ್ನಡದ ಹುಡುಗಿಯೊಬ್ಬಳು ಹಿಂದಿ ಧಾರಾವಾಹಿಯಲ್ಲಿ ನಟಿಸುತ್ತಾಳೆ. ಮುಂಬೈ ಹತ್ತಿರದ ಡೊಂಬಿವಲಿಯಿಂದ ಗೋರೆಗಾಂವ್ ಫಿಲ್ಮ್ ಸಿಟಿಗೆ ಹೋಗಿ ಬರುವುದರಲ್ಲೇ ಮಗು ಸುಸ್ತು. ಎಷ್ಟೋ ರಾತ್ರಿ ಅಮ್ಮನ ಹೆಗಲ ಮೇಲೆ ನಿದ್ದೆ ಮಾಡಿಕೊಂಡೇ ಮನೆ ಸೇರುತ್ತಾಳೆ. ಗಣೇಶೋತ್ಸವದಲ್ಲಿ ಅವಳ ಜೊತೆ ಸೆಲ್ಫಿಗೆ ಮುಗಿಬಿದ್ದವರು ನಾವೇ, ನಾನೂ ಸೇರಿ!

2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗು ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ವಿಶ್ರಾಂತಿ ಇಲ್ಲದೆ ಸತತ 3 ಗಂಟೆ ಮೀರುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಇದು ಸಣ್ಣ ಮಾತಲ್ಲ. ಕಥೆ ಹತ್ತು ವರ್ಷ ಮುಂದಕ್ಕೆ ಹಾರಿದರೆ ಸಾಕು, ಮಗುವಿನ ಪಾತ್ರ ಮುಗಿಯಿತು. ಆಮೇಲೆ ಉಳಿಯುವುದು ಆ ಠೇವಣಿ ಮತ್ತು ತಪ್ಪಿಹೋದ ಪಾಠ, ಅಷ್ಟೇ ಅಲ್ವಾ?

ಮುಂಬೈಯ ಕನ್ನಡ ಸಂಘಗಳು ಇಂಥ ಪೋಷಕರನ್ನು ಒಮ್ಮೆ ಕರೆಯಲಿ. ಒಬ್ಬ ವಕೀಲರಿಂದ ಈ ನಿಯಮಗಳನ್ನು ಕನ್ನಡದಲ್ಲೇ ಹೇಳಿಸಲಿ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ.

– ಓದುಗಿ, ಡೊಂಬಿವಲಿ