ಪೋಷಕರಿಗೆ ಪತ್ರ: ಜಿಪುಣನ ಪೆಟ್ಟಿಗೆ, ಕರ್ಣನ ಕವಚ, ಮಕ್ಕಳ ಗೇಮು

ಪ್ರೀತಿಯ ಪೋಷಕರಿಗೆ,

ನಮಸ್ಕಾರ. ಕಳೆದ ವಾರ ಇಬ್ಬರು ಪೋಷಕರು ನನ್ನ ಕೊಠಡಿಗೆ ಬಂದಿದ್ದರು. "ಮೇಡಂ, ಕನ್ನಡ ಪೀರಿಯಡ್‌ನಲ್ಲಿ ವಿಡಿಯೋ ಗೇಮ್ ಬಗ್ಗೆ ಮಾತಾಡಿಸ್ತಾರಂತೆ, ಹೌದಾ?" ಎಂದು ಕೇಳಿದರು. ಹೌದು. ಮಾತಾಡಿಸಿದ್ದು ನಾನೇ. ಯಾಕೆ ಅಂತ ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಎಂದು ಈ ಪತ್ರ.

ಈ ಸಲದ ವಾರ್ಷಿಕೋತ್ಸವಕ್ಕೆ ಎಂಟನೇ ತರಗತಿಯವರು ಫ್ರಾನ್ಸಿನ ನಾಟಕಕಾರ ಮೋಲಿಯೇರನ ಜಿಪುಣನ ನಾಟಕದಿಂದ ಮೂರು ದೃಶ್ಯ ಆಡುತ್ತಿದ್ದಾರೆ. 1668ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಸಲ ರಂಗಕ್ಕೆ ಬಂದ ನಾಟಕ ಅದು. ಜಿಪುಣ ಹಾರ್ಪಗಾನ್ ಆಗಿ ಮೋಲಿಯೇರನೇ ವೇಷ ಹಾಕಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಅಂತೀವಲ್ಲ, ಹಾರ್ಪಗಾನ್ ಅವರಿಗೆಲ್ಲ ಅಜ್ಜ. ಹತ್ತು ಸಾವಿರ ನಾಣ್ಯದ ಪೆಟ್ಟಿಗೆಯನ್ನು ತೋಟದಲ್ಲಿ ಹೂತಿಟ್ಟು, ಕಂಡವರ ಮೇಲೆಲ್ಲ ಅನುಮಾನಪಡುತ್ತಾನೆ. ಆಳಿಗೆ "ಕೈ ತೋರಿಸು" ಅನ್ನುತ್ತಾನೆ. ಅವನು ಎರಡೂ ಕೈ ತೋರಿಸುತ್ತಾನೆ. "ಇವಲ್ಲ, ಉಳಿದ ಕೈಗಳು ಎಲ್ಲಿ?" ಅಂತ ಕೇಳುತ್ತಾನೆ! ಹತ್ತು ಜನ ಊಟಕ್ಕೆ ಬರುವುದಿದ್ದರೆ ಎಂಟು ಜನಕ್ಕೆ ಮಾಡು, ಸಾಕಾಗುತ್ತೆ ಎಂದು ಅಡುಗೆಯವನಿಗೆ ಹೇಳುತ್ತಾನೆ. ಪೆಟ್ಟಿಗೆ ಕಳುವಾದಾಗಲಂತೂ ಕಳ್ಳನನ್ನು ಹಿಡಿದೆ ಅಂತ ತನ್ನ ತೋಳನ್ನೇ ಹಿಡಿದುಕೊಳ್ಳುತ್ತಾನೆ. ತಾಲೀಮಿನಲ್ಲಿ ಈ ಜಾಗಕ್ಕೆ ಬಂದಾಗಲೆಲ್ಲ ಹುಡುಗರು ನಕ್ಕು ನಕ್ಕು ಮಾತು ಮರೆಯುತ್ತಿದ್ದಾರೆ. ಅದೊಂದೇ ನನಗೆ ಚಿಂತೆ.

ತಾಲೀಮಿನ ಮಧ್ಯೆ ಒಬ್ಬ ಹುಡುಗ, "ಮಿಸ್, ಇವನು ಪಿಗ್ಲಿನ್ ಥರಾನೇ ಇದಾನೆ" ಅಂದ. ನನಗೆ ಅರ್ಥವಾಗಲಿಲ್ಲ. ಮಕ್ಕಳೇ ಬಿಡಿಸಿ ಹೇಳಿದರು. ಮೈನ್‌ಕ್ರಾಫ್ಟ್ ಗೇಮಿನಲ್ಲಿ 2020ರಲ್ಲಿ ಬಂದ ಹಂದಿ ಮೂತಿಯ ಜೀವಿಗಳಂತೆ ಇವು. ಚಿನ್ನ ಅಂದರೆ ಪ್ರಾಣ. ಚಿನ್ನದ ಗಟ್ಟಿ ಎಸೆದರೆ ಎತ್ತಿ ಹಿಡಿದು ನೋಡಿ, ಬದಲಿಗೆ ಏನಾದರೂ ಕೊಡುತ್ತವೆ. ಮರಿಗಳು ಚಿನ್ನ ತಗೊಳ್ಳುತ್ತವೆ, ಏನೂ ಕೊಡುವುದಿಲ್ಲ. ಮೈಮೇಲೆ ಒಂದಾದರೂ ಚಿನ್ನದ ರಕ್ಷಾಕವಚ ಇದ್ದರೆ ಸುಮ್ಮನಿರುತ್ತವೆ. ಆದರೆ ಅವು ನೋಡುತ್ತಿರುವಾಗ ಪೆಟ್ಟಿಗೆ ತೆರೆದರೆ ಮುಗಿಯಿತು, ಮೈಮೇಲೆ ಬೀಳುತ್ತವೆ. ಅದೇ ಹಾರ್ಪಗಾನ್ ಅಲ್ವಾ?

ಅಲ್ಲಿಗೆ ನಾನು ನಾಟಕದ ಪುಸ್ತಕ ಮುಚ್ಚಿದೆ. "ಹಾಗಾದರೆ ಕೈ ಬಿಚ್ಚಿ ಕೊಡುವವರು ಯಾರು?" ಎಂದು ಕೇಳಿದೆ. ಒಬ್ಬಳು ಅದೇ ಗೇಮಿನ ಅಲೇ ಎಂಬ ಪುಟ್ಟ ನೀಲಿ ಜೀವಿಯ ಹೆಸರು ಹೇಳಿದಳು. ಬಂಧನದಲ್ಲಿ ಸಿಗುವ ಅದನ್ನು ನಾವೇ ಬಿಡಿಸಬೇಕು. ಒಂದು ವಸ್ತುವನ್ನು ಅದರ ಕೈಗೆ ಕೊಟ್ಟರೆ, ಸುತ್ತ ಬಿದ್ದಿರುವ ಅಂಥದ್ದನ್ನೇ ಹುಡುಕಿ ತಂದು ನಮಗೆ ಕೊಡುತ್ತದೆ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಕರ್ಣ ಮಿಸ್, ದಾನಶೂರ ಕರ್ಣ" ಅಂದ. ಸರಿ, ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕವಚ, ಕುಂಡಲ ಕೇಳಿದ ಕತೆ ಹೇಳಿಸಿದೆ.

ಆಗ ಬಂತು ನೋಡಿ ಒಂದು ಪ್ರಶ್ನೆ. "ಕರ್ಣ ಬದಲಿಗೆ ಶಕ್ತ್ಯಾಯುಧ ಇಸ್ಕೊಂಡ ಅಲ್ವಾ ಮಿಸ್? ಪಿಗ್ಲಿನ್ ಕೂಡ ಹಂಗೇ ಅಲ್ವಾ, ಚಿನ್ನ ತಗೊಂಡು ಬೇರೇದು ಕೊಡುತ್ತೆ. ಅದು ದಾನ ಹೆಂಗಾಗುತ್ತೆ?"

ಮೂವತ್ತೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇದನ್ನು ಯಾರೂ ಕೇಳಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ತರಗತಿ ಎರಡು ಪಾಳಿಯಾಯಿತು. ಕಡೆಗೆ ಒಂದು ಹುಡುಗಿ ಹೇಳಿದಳು: "ಸೂರ್ಯ ಕನಸಲ್ಲಿ ಬಂದು, ಕೊಡಬೇಡ, ಸಾಯ್ತೀಯ ಅಂತ ಮೊದಲೇ ಹೇಳಿದ್ದ. ಗೊತ್ತಿದ್ದೂ ಕೊಟ್ಟ. ಪಿಗ್ಲಿನ್‌ಗೆ ಏನು ನಷ್ಟ?" ಇನ್ನೊಬ್ಬ ಒಪ್ಪಲಿಲ್ಲ. ಆಯುಧ ಕೇಳದೇ ಕೊಟ್ಟಿದ್ದರೆ ಇನ್ನೂ ದೊಡ್ಡವನಾಗುತ್ತಿದ್ದ ಎಂದ. ಬೆಲ್ ಆಯಿತು, ಜಗಳ ಮೆಟ್ಟಿಲಿಳಿಯುವವರೆಗೂ ನಡೆಯಿತು. ಇಂಥ ಪೀರಿಯಡ್ ವರ್ಷಕ್ಕೆ ಎರಡು ಸಿಕ್ಕರೆ ಪುಣ್ಯ.

ಮರುದಿನ ಇನ್ನೊಂದು ಪಾತ್ರ ಬಂತು. ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿ ಅನಿಮಲ್ ಕ್ರಾಸಿಂಗ್ ಆಡಿದ ಹುಡುಗಿ ಟಾಮ್ ನೂಕ್ ಎಂಬ ವ್ಯಾಪಾರಿಯ ಬಗ್ಗೆ ಹೇಳಿದಳು. 2020ರ ಆ ಗೇಮಿನಲ್ಲಿ ಮೊದಲ ಮನೆ ಕಟ್ಟಿಕೊಡಲು ಅವನು 98,000 ಬೆಲ್ ಸಾಲ ಹೊರಿಸುತ್ತಾನೆ. ಬೆಲ್ ಅಂದರೆ ಅಲ್ಲಿನ ದುಡ್ಡು. ಆಡುವವರು ಅವನನ್ನು ದುರಾಸೆಯವನು ಅಂತ ಬೈಯುತ್ತಾರಂತೆ. ಆದರೆ ಬಡ್ಡಿ ಇಲ್ಲ, ಗಡುವೂ ಇಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ಅವಳ ಅಮ್ಮ, "ಆ ಬ್ಯಾಂಕಿನ ವಿಳಾಸ ಕೊಡು ಮಾರಾಯ್ತಿ" ಅಂದರಂತೆ. ಆ ಅಮ್ಮ ಈ ಪತ್ರ ಓದುತ್ತಿದ್ದರೆ, ನಾವು ಟೀಚರ್‌ಗಳೆಲ್ಲ ಸ್ಟಾಫ್ ರೂಮಿನಲ್ಲಿ ಜೋರಾಗಿ ನಕ್ಕೆವು.

ನಾನು ಗೇಮ್ ಆಡಿ ಅಂತ ಹೇಳುತ್ತಿಲ್ಲ. ಹೊತ್ತು ಮೀರಿ ಆಡಿದರೆ ಬೈಯಿರಿ, ನಾನೂ ಬೈಯುತ್ತೇನೆ. ಆದರೆ ಬೈಯುವ ಮೊದಲು ಒಂದು ಸಲ ಪಕ್ಕದಲ್ಲಿ ಕೂತು, ಅದರಲ್ಲಿ ಯಾರು ಜುಗ್ಗ, ಯಾರು ಒಳ್ಳೆಯವ ಅಂತ ಕೇಳಿ. ಅಜ್ಜಿಯರಿದ್ದರೆ ಇನ್ನೂ ಒಳ್ಳೆಯದು, ಅವರ ಹತ್ತಿರ ಕರ್ಣನ ಕತೆ ನಮಗಿಂತ ಚೆನ್ನಾಗಿರುತ್ತದೆ.

ಒಂದು ವಿಷಯ ಮಾತ್ರ ಗಂಭೀರವಾಗಿ ಹೇಳಬೇಕು. ಕೆಲವು ಗೇಮುಗಳಲ್ಲಿ ದುರಾಸೆ ಇರುವುದು ಪಾತ್ರಕ್ಕಲ್ಲ, ಗೇಮಿಗೇ. ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ ತೋರಿಸಿ, ದುಡ್ಡು ಕೊಟ್ಟು ತೆರೆ ಅನ್ನುತ್ತವೆ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ ಕೆಲವು ಗೇಮುಗಳ ಇಂಥ ಪೆಟ್ಟಿಗೆಗಳನ್ನು 2018ರಲ್ಲೇ ಜೂಜು ಎಂದು ಹೇಳಿತು. ನಮ್ಮ ಮನೆಯಲ್ಲೇ ಆಗಿದೆ. ಅಕ್ಕನ ಮೊಮ್ಮಗ ಅವಳ ಫೋನಿನಿಂದ ಒಂದೇ ಸಂಜೆ ಮೂರು ಸಲ ದುಡ್ಡು ಕಟ್ಟಿಬಿಟ್ಟ. ಯುಪಿಐ ಪಿನ್ ಅವಳ ಹುಟ್ಟಿದ ವರ್ಷವೇ ಆಗಿತ್ತು. ನಿಮ್ಮದೂ ಹಾಗಿದ್ದರೆ ಇವತ್ತೇ ಬದಲಿಸಿ.

ನಾಟಕ ಶನಿವಾರ ಮಧ್ಯಾಹ್ನ 3 ಗಂಟೆಗೆ, ಶಾಲೆಯ ಅಂಗಳದಲ್ಲಿ. ವೇಷಕ್ಕೆ ಹೊಸ ಬಟ್ಟೆ ಕೊಳ್ಳಬೇಡಿ, ಹಳೇ ಕೋಟು, ಶಾಲು ಸಾಕು. ಹಾರ್ಪಗಾನ್‌ಗೆ ಮಾತ್ರ ಇನ್ನೂ ಪೆಟ್ಟಿಗೆ ಸಿಕ್ಕಿಲ್ಲ. ಯಾರ ಮನೆಯ ಅಟ್ಟದ ಮೇಲಾದರೂ ಹಳೇ ಮರದ ಪೆಟ್ಟಿಗೆ ಇದ್ದರೆ ಬುಧವಾರದೊಳಗೆ ಕಳಿಸಿ. ಭಾನುವಾರ ವಾಪಸ್ ತಲುಪಿಸುವ ಜವಾಬ್ದಾರಿ ನನ್ನದು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ