ಮಲತಾಯಿ ಧೋರಣೆಯೂ ಮ್ಯಾಥ್ಯೂ ತಾತನೂ

ಮಾನ್ಯ ಸಂಪಾದಕರೇ,

ಅನುದಾನ ಬರಲಿಲ್ಲವೆಂದರೆ ‘ಮಲತಾಯಿ ಧೋರಣೆ’ ಎಂದು ಬರೆಯುವ ರೂಢಿ ನಮ್ಮ ಪತ್ರಿಕೆಗಳಲ್ಲಿದೆ. ಈ ಮಾತು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಕೆನಡಾದ ಲೇಖಕಿ ಎಲ್. ಎಂ. ಮಾಂಟ್ಗೊಮರಿ ಅವರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ (1908) ಕಾದಂಬರಿಯ ಮ್ಯಾಥ್ಯೂ ಕತ್‌ಬರ್ಟ್ ನೆನಪಾಗುತ್ತಾನೆ.

ಪ್ರಿನ್ಸ್ ಎಡ್ವರ್ಡ್ ದ್ವೀಪದ ಈ ಅವಿವಾಹಿತ ರೈತನಿಗೆ ಅರವತ್ತು ವರ್ಷ. ಹೊಲದ ಕೆಲಸಕ್ಕೆ ನೆರವಾಗಲೆಂದು ಅನಾಥಾಲಯದಿಂದ ಹುಡುಗನನ್ನು ಕೇಳಿದ್ದವನಿಗೆ ರೈಲು ನಿಲ್ದಾಣದಲ್ಲಿ ಎದುರಾದದ್ದು ಹನ್ನೊಂದರ ಬಾಲಕಿ ಆ್ಯನ್. ಸಾಕುತಂದೆ ಎನ್ನುವುದಕ್ಕಿಂತ ತಾತ ಎನ್ನುವುದೇ ಆತನಿಗೆ ಹೆಚ್ಚು ಒಪ್ಪುತ್ತದೆ. ಓರಗೆಯ ಹುಡುಗಿಯರಂತೆ ಅವಳಿಗೆ ಬುಗ್ಗೆ ತೋಳಿನ ಉಡುಪಿಲ್ಲವೆಂಬುದನ್ನು ತಾನಾಗಿಯೇ ಗಮನಿಸಿದ ಆತ, ಹೆಂಗಸರೊಡನೆ ಮಾತನಾಡಲು ಹೆದರುವವನಾದರೂ ಅಂಗಡಿಗೆ ಹೋಗುತ್ತಾನೆ. ಆದರೆ ಮಾರಾಟಕ್ಕೆ ನಿಂತ ಯುವತಿಯೆದುರು ಬಾಯಿ ಕಟ್ಟಿಹೋಗಿ, ಬಟ್ಟೆಯ ಬದಲು ತೋಟದ ಕುಂಟೆಯನ್ನೂ ಇಪ್ಪತ್ತು ಪೌಂಡ್ ಕಂದು ಸಕ್ಕರೆಯನ್ನೂ ಕೊಂಡು ಮರಳುತ್ತಾನೆ. ಸೋಲೊಪ್ಪದೆ ನೆರೆಮನೆಯಾಕೆಯ ನೆರವಿನಿಂದ ಉಡುಪು ಹೊಲಿಸಿ, ಕ್ರಿಸ್‌ಮಸ್ ಬೆಳಿಗ್ಗೆ ಸಂಕೋಚದಿಂದಲೇ ಅವಳ ಮುಂದೆ ಹಿಡಿಯುತ್ತಾನೆ. ಮಗುವಿನ ಕಣ್ಣಲ್ಲಿ ನೀರು ತುಂಬುತ್ತದೆ. ನನ್ನ ಕಣ್ಣಲ್ಲಿಯೂ ಪ್ರತಿ ಓದಿಗೂ ಹಾಗೆಯೇ ಆಗಿದೆ. ಡಜನ್ ಹುಡುಗರಿಗಿಂತ ನೀನೇ ನನಗೆ ಮೇಲು ಎಂದು ಆತ ಅವಳಿಗೆ ಹೇಳುವುದು ತನ್ನ ಸಾವಿನ ಹಿಂದಿನ ಸಂಜೆ.

ಹೆರದವರೂ ಹೀಗೆ ಪ್ರೀತಿಸಬಲ್ಲರು; ‘ಮಲತಾಯಿ ಧೋರಣೆ’ ಎಂಬ ಮಾತು ಅದನ್ನು ಮರೆಸುತ್ತದೆ. ಮರುಮದುವೆಯಿಂದಲೋ ದತ್ತುಸ್ವೀಕಾರದಿಂದಲೋ ಕೂಡಿಬಂದ ಮನೆಗಳ ಮಕ್ಕಳೂ ಪತ್ರಿಕೆ ಓದುತ್ತಾರೆ. ಆದ್ದರಿಂದ ‘ಮಲತಾಯಿ ಧೋರಣೆ’ ಎನ್ನುವಲ್ಲಿ ‘ತಾರತಮ್ಯ’ ಎಂದೇ ಬರೆಯಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಶಿವಮೊಗ್ಗ