ಸ್ಕ್ಯಾಂಡಿನೇವಿಯಾದ ಹಳೆಯ ಕುರ್ಚಿ: ನೋಟದ ಜೊತೆಗೆ ಜೋಡಣೆಯನ್ನೂ ನೋಡೋಣ

ಮಾನ್ಯ ಸಂಪಾದಕರೆ,

ಮನೆಯ ಒಳಾಂಗಣವನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸ್ಕ್ಯಾಂಡಿನೇವಿಯನ್ ಶೈಲಿಯ ತೋಳುಕುರ್ಚಿಗಳನ್ನು ಮನಸಾರೆ ಮೆಚ್ಚಿಕೊಂಡಿದೆ. ಹಳೆಯ ಪೀಠೋಪಕರಣಗಳ ದುರಸ್ತಿಯನ್ನೇ ಕಸುಬಾಗಿಸಿಕೊಂಡಿರುವ ನನಗೆ ಅದನ್ನು ಓದಿ ಸಂತೋಷವಾಯಿತು. ಆದರೆ ತುದಿಗೆ ಹೋದಂತೆ ಸಪೂರವಾಗುವ ನಾಲ್ಕು ಕಾಲು, ತಿಳಿಬಣ್ಣದ ಮರ ಮತ್ತು ಬೂದುಬಣ್ಣದ ಮೆತ್ತೆ, ಇಷ್ಟಿದ್ದರೆ ಅದೇ ಆ ಶೈಲಿ ಎಂಬ ಭಾವನೆ ಓದುಗರಲ್ಲಿ ಉಳಿಯುವಂತೆ ಲೇಖನ ಮುಗಿಯುತ್ತದೆ. ಆ ಕುರ್ಚಿಗಳು ಎಪ್ಪತ್ತು ವರ್ಷಗಳ ಮೇಲೂ ಇನ್ನೂ ಗಟ್ಟಿಯಾಗಿ ನಿಂತಿರುವುದು ಆ ನೋಟದಿಂದಲ್ಲ. ಮರದ ತುಂಡುಗಳನ್ನು ಸೇರಿಸಿದ ಬಗೆಯಿಂದ, ಮತ್ತು ಬೇಕೆಂದಾಗ ಅವುಗಳನ್ನು ಬಿಚ್ಚಿ ಸರಿಪಡಿಸಿ ಮತ್ತೆ ಸೇರಿಸಲು ಬರುವುದರಿಂದ. ಈ ಸಂಗತಿಯನ್ನು ಸ್ವಲ್ಪ ವಿವರವಾಗಿ ತಿಳಿಸಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

1924ರಲ್ಲಿ ಕೋಪನ್‌ಹೇಗನ್ನಿನ ರಾಯಲ್ ಡ್ಯಾನಿಶ್ ಅಕಾಡೆಮಿಯಲ್ಲಿ ಪೀಠೋಪಕರಣ ವಿನ್ಯಾಸದ ಬೋಧನೆ ಆರಂಭವಾದಾಗ ಅದರ ಹೊಣೆ ಹೊತ್ತವರು ಕಾರೆ ಕ್ಲಿಂಟ್. ಹೊಸ ಆಕಾರವೊಂದನ್ನು ಕಲ್ಪಿಸಿಕೊಂಡು ಬನ್ನಿ ಎಂದು ಅವರು ಶಿಷ್ಯರಿಗೆ ಹೇಳಲಿಲ್ಲ. ಮೊದಲು ಅಳೆಯಲು ಹಚ್ಚಿದರು. ಕುಳಿತ ಮನುಷ್ಯನ ಮೊಣಕಾಲಿನ ಎತ್ತರ, ತೊಡೆಯ ಉದ್ದ, ಕಪಾಟಿನೊಳಗೆ ಇಡುವ ತಟ್ಟೆ ಮತ್ತು ಮಡಿಸಿದ ಅಂಗಿಗಳ ಗಾತ್ರ ಎಲ್ಲವೂ ಅಳತೆಗೆ ಒಳಪಟ್ಟವು. ಹಳೆಯ ಇಂಗ್ಲಿಷ್ ಕುರ್ಚಿ, ಚೀನಾದ ಕುರ್ಚಿ, ಅಮೆರಿಕದ ಶೇಕರ್ ಪಂಥದವರ ಸರಳ ಕುರ್ಚಿ ಇವುಗಳನ್ನು ವಿದ್ಯಾರ್ಥಿಗಳು ಇಂಚಿಂಚೂ ಅಳೆದು ನಕ್ಷೆ ಬರೆಯಬೇಕಿತ್ತು. ಹಿಂದಿನವರು ಕಂಡುಕೊಂಡದ್ದನ್ನು ಬದಿಗೆ ಸರಿಸದೆ, ಅದರಲ್ಲಿ ಬೇಡದ್ದನ್ನು ತೆಗೆದುಹಾಕುತ್ತ ಹೋಗುವುದೇ ಆಧುನಿಕತೆ ಎಂಬ ಈ ನಿಲುವು ಅದೇ ಕಾಲದ ಜರ್ಮನಿಯ ಬೌಹೌಸ್ ಎಂಬ ವಿನ್ಯಾಸ ಶಾಲೆಯ ದಾರಿಗಿಂತ ತೀರ ಬೇರೆಯಾಗಿತ್ತು, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಬಾಳಿಕೆಯದೂ ಆಗಿತ್ತು.

ಕ್ಲಿಂಟ್ ಅವರ 1933ರ ಸಫಾರಿ ಕುರ್ಚಿಗೆ ನಮ್ಮ ದೇಶದ ನಂಟಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಈಗಿನ ಉತ್ತರಾಖಂಡದ ರೂರ್ಕಿಯಲ್ಲಿ ಬೀಡುಬಿಟ್ಟಿದ್ದ ಸೇನಾ ಎಂಜಿನಿಯರುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಶಿಬಿರಗಳಿಗಾಗಿ ಒಂದು ಬಿಚ್ಚುಕುರ್ಚಿಯನ್ನು ರೂಪಿಸಿದ್ದರು. ರೂರ್ಕಿ ಕುರ್ಚಿ ಎಂದೇ ಹೆಸರಾದ ಅದರಲ್ಲಿ ಮೊಳೆಯೂ ಇಲ್ಲ, ಸರೇಸೂ ಇಲ್ಲ. ಅಡ್ಡಪಟ್ಟಿಗಳ ಕಿರಿದಾಗುವ ತುದಿಗಳು ಕಾಲುಗಳ ತೂತಿನಲ್ಲಿ ಕೂರುತ್ತವೆ, ಕ್ಯಾನ್ವಾಸ್ ಬಟ್ಟೆ ಮತ್ತು ಪಟ್ಟಿಗಳು ಇಡೀ ಚೌಕಟ್ಟನ್ನು ಬಿಗಿಯುತ್ತವೆ, ಕುಳಿತವರ ಭಾರವೇ ಜೋಡಣೆಯನ್ನು ಇನ್ನಷ್ಟು ಭದ್ರಪಡಿಸುತ್ತದೆ. ನೆಲ ಏರುತಗ್ಗಾಗಿದ್ದರೂ ನಾಲ್ಕೂ ಕಾಲುಗಳು ನೆಲ ಮುಟ್ಟುತ್ತವೆ. ಕ್ಲಿಂಟ್ ಈ ತತ್ವವನ್ನು ಹಾಗೆಯೇ ಉಳಿಸಿಕೊಂಡು, ಪ್ರಮಾಣಗಳನ್ನು ತಿದ್ದಿ, ಆಶ್ ಮರದಲ್ಲಿ ಕಡೆಸಿ ಯುರೋಪಿನ ಮನೆಗಳೊಳಗೆ ತಂದರು. ಡೆನ್ಮಾರ್ಕಿನ ಆಧುನಿಕ ಕುರ್ಚಿಗಳ ಚರಿತ್ರೆ ಬರೆಯುವವರು ರೂರ್ಕಿಯನ್ನು ಬಿಟ್ಟು ಬರೆಯಲಾರರು; ಆದರೆ ನಮ್ಮಲ್ಲಿ ಆ ಕುರ್ಚಿಯ ಹೆಸರು ಕೇಳಿದವರೇ ಕಡಿಮೆ.

ಬೋಧನೆಯಷ್ಟೇ ಮುಖ್ಯವಾದದ್ದು ಕೋಪನ್‌ಹೇಗನ್ನಿನ ಬಡಗಿಗಳ ಸಂಘ 1927ರಿಂದ 1966ರವರೆಗೆ ಪ್ರತಿವರ್ಷ ನಡೆಸಿದ ಪ್ರದರ್ಶನ. ಕಾರ್ಖಾನೆಯ ಅಗ್ಗದ ಸರಕಿನ ಮುಂದೆ ಕೈಕಸುಬು ಸೋಲುತ್ತಿದ್ದ ಕಾಲದಲ್ಲಿ, ತಮ್ಮ ಕೆಲಸದ ಗುಣವನ್ನು ಜನರ ಕಣ್ಣಮುಂದೆ ಇಡಲೆಂದು ಆರಂಭವಾದ ಈ ಪ್ರದರ್ಶನದಲ್ಲಿ ವಿನ್ಯಾಸಕರೂ ಬಡಗಿಗಳೂ ಜೊತೆಯಾಗಿ ಕೆಲಸ ಮಾಡತೊಡಗಿದರು. ವಿನ್ಯಾಸಕ ಹಾನ್ಸ್ ವೆಗ್ನರ್ ಅವರಿಗೆ ಬಡಗಿ ಯೋಹಾನಸ್ ಹಾನ್ಸನ್, ವಿನ್ಯಾಸಕ ಫಿನ್ ಯೂಲ್ ಅವರಿಗೆ ಬಡಗಿ ನೀಲ್ಸ್ ವೊಡ್ಡರ್ ಹೀಗೆ ಜೋಡಿಗಳು ವರ್ಷಾನುಗಟ್ಟಲೆ ಉಳಿದುಬಂದವು. ಕಾಗದದ ಮೇಲೆ ಎಳೆದ ಗೆರೆ ಮರದಲ್ಲಿ ನಿಲ್ಲುತ್ತದೆಯೇ ಎಂದು ಹೇಳಬಲ್ಲವನು ಬಡಗಿ. ಆತನ ಮಾತಿಗೆ ಅಲ್ಲಿ ಬೆಲೆ ಇತ್ತು. ಕೆಳಗೆ ವಿವರಿಸುವ ಹೆಸರಾಂತ ಕುರ್ಚಿಗಳಲ್ಲಿ ಕೆಲವು ಮೊದಲು ಜನರ ಕಣ್ಣಿಗೆ ಬಿದ್ದದ್ದು ಈ ಪ್ರದರ್ಶನದಲ್ಲಿಯೇ.

ಇವರಲ್ಲಿ ವೆಗ್ನರ್ ಅವರ ಕೆಲಸದ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ. 1914ರಲ್ಲಿ ಜರ್ಮನಿಯ ಗಡಿಯ ಸಮೀಪದ ಟೋಂಡರ್ ಪಟ್ಟಣದಲ್ಲಿ ಚಪ್ಪಲಿ ಹೊಲಿಯುವವರೊಬ್ಬರ ಮಗನಾಗಿ ಹುಟ್ಟಿದ ಅವರು ವಿನ್ಯಾಸದ ಶಾಲೆಯ ಮೆಟ್ಟಿಲು ಹತ್ತುವ ಎಷ್ಟೋ ಮೊದಲೇ, ಹದಿನಾಲ್ಕನೆಯ ವಯಸ್ಸಿಗೆ, ಬಡಗಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿದ್ದರು. ಅವರ 1949ರ ದುಂಡು ಕುರ್ಚಿಯಲ್ಲಿ ಬೆನ್ನು ಮತ್ತು ತೋಳುಗಳು ಒಂದೇ ಬಾಗಿದ ಅರ್ಧವೃತ್ತವಾಗಿ ಹರಿಯುತ್ತವೆ. ಅಷ್ಟು ಬಾಗಿರುವ ಆಕಾರವನ್ನು ಒಂದೇ ಹಲಗೆಯಿಂದ ಕಡೆದರೆ ಮರದ ಎಳೆ ಅಡ್ಡಕ್ಕೆ ತುಂಡಾಗಿ ಅಲ್ಲಿಯೇ ಮುರಿಯುತ್ತದೆ. ಆದ್ದರಿಂದ ಅದನ್ನು ಹಲವು ತುಂಡುಗಳಲ್ಲಿ ಮಾಡಿ ಸೇರಿಸಬೇಕು. ಮೊದಲ ಕುರ್ಚಿಗಳಲ್ಲಿ ವೆಗ್ನರ್ ಆ ಜೋಡಣೆಗಳನ್ನು ಮರೆಮಾಡಲು ಬೆನ್ನಿನ ಭಾಗಕ್ಕೆ ಬೆತ್ತ ಸುತ್ತಿಸಿದ್ದರು. ಮುಂದಿನ ವರ್ಷ ಬೆತ್ತವನ್ನು ತೆಗೆದುಹಾಕಿ, ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಅಂಕುಡೊಂಕಾಗಿ ಕೂರುವ ಜೋಡಣೆಯನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಬಿಟ್ಟರು. ಹೀಗೆ ಕೂಡಿಸಿದಾಗ ಅಂಟು ಹಿಡಿಯುವ ಮೈ ಹೆಚ್ಚುತ್ತದೆ, ಬಲವೂ ಹೆಚ್ಚುತ್ತದೆ. ನೋಡುವವರಿಗೆ ಕುರ್ಚಿ ಹೇಗೆ ನಿಂತಿದೆ ಎಂಬುದು ತಿಳಿಯುತ್ತದೆ. 1960ರಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಕೆನಡಿ ಮತ್ತು ನಿಕ್ಸನ್ ಅವರ ದೂರದರ್ಶನ ಚರ್ಚೆಯಲ್ಲಿ ಬಳಸಿದ್ದರಿಂದ ಈ ಕುರ್ಚಿಗೆ ಜಗತ್ಪ್ರಸಿದ್ಧಿ ಬಂತು ಎಂದು ಎಲ್ಲರೂ ಬರೆಯುತ್ತಾರೆ. ಮರಗೆಲಸದವರ ದೃಷ್ಟಿಯಲ್ಲಿ ಮರೆಮಾಡಿದ್ದನ್ನು ಬಯಲಿಗೆ ತಂದ ಆ ಒಂದು ತೀರ್ಮಾನವೇ ದೊಡ್ಡದು.

ವೆಗ್ನರ್ ಅವರ ಕೈಯಲ್ಲೇ 1949ರಲ್ಲಿ ರೂಪುಗೊಂಡು 1950ರಿಂದ ಇಂದಿನವರೆಗೂ ತಯಾರಾಗುತ್ತಿರುವ ವಿಶ್‌ಬೋನ್ ಕುರ್ಚಿಯ ಆಸನಕ್ಕೆ ಸುಮಾರು 120 ಮೀಟರ್ ಕಾಗದದ ಹುರಿ ಬೇಕು. ಅದನ್ನು ಇಂದಿಗೂ ಕೈಯಲ್ಲಿಯೇ ಹೆಣೆಯುತ್ತಾರೆ. ಯುದ್ಧದ ಅಭಾವದ ದಿನಗಳಲ್ಲಿ ಕಡಲ ಹುಲ್ಲಿಗೆ ಬದಲಾಗಿ ಬಳಕೆಗೆ ಬಂದ ಈ ಹುರಿ ದಶಕಗಳ ಕಾಲ ಬಾಳುತ್ತದೆ, ಸವೆದ ಮೇಲೆ ಅದೊಂದನ್ನೇ ತೆಗೆದು ಹೊಸದಾಗಿ ಹೆಣೆಯಬಹುದು, ಚೌಕಟ್ಟಿಗೆ ಏನೂ ಆಗುವುದಿಲ್ಲ. ಡೆನ್ಮಾರ್ಕಿನ ಇನ್ನೊಬ್ಬ ವಿನ್ಯಾಸಕ ಬೋರ್ಗೆ ಮೋಗೆನ್ಸನ್ ಅವರ 1958ರ ಸ್ಪ್ಯಾನಿಶ್ ಕುರ್ಚಿಯಲ್ಲಿಯೂ ಇದೇ ವಿವೇಕವಿದೆ: ಅಗಲವಾದ ಓಕ್ ತೋಳುಗಳ ನಡುವೆ ಬಿಗಿದ ದಪ್ಪ ಚರ್ಮ ಕಾಲಕ್ರಮದಲ್ಲಿ ಜೋತುಬಿದ್ದರೆ ಕೆಳಗಿನ ಬಕಲುಗಳನ್ನು ಒಂದು ತೂತು ಮುಂದಕ್ಕೆ ಬಿಗಿದರೆ ಸಾಕು.

ಇವೆಲ್ಲ ಸಿರಿವಂತರಿಗೆ ಮಾತ್ರ ಮಾಡಿದ ಸಾಮಾನುಗಳು ಎಂಬ ಭಾವನೆ ಬೆಳೆದಿರುವುದಕ್ಕೆ ಇಂದಿನ ಹರಾಜು ಬೆಲೆಗಳೇ ಕಾರಣ. ಫಿನ್ ಯೂಲ್ ಅವರ 1949ರ ಚೀಫ್ಟನ್ ಕುರ್ಚಿ ಅಂದಿಗೂ ದುಬಾರಿಯೇ. ಪ್ರದರ್ಶನದಲ್ಲಿ ದೊರೆ ಒಂಬತ್ತನೆಯ ಫ್ರೆಡರಿಕ್ ಅದರ ಮೇಲೆ ಕುಳಿತಿದ್ದರು. ಆದರೆ ಡೆನ್ಮಾರ್ಕಿನ ಸಹಕಾರಿ ಅಂಗಡಿಗಳ ಒಕ್ಕೂಟ 1942ರಲ್ಲಿ ಮೋಗೆನ್ಸನ್ ಅವರ ಮುಂದಾಳುತನದಲ್ಲಿ ಪೀಠೋಪಕರಣ ವಿನ್ಯಾಸ ವಿಭಾಗವನ್ನು ತೆರೆದದ್ದು ಸಣ್ಣ ಮನೆಗಳ, ಸಾಮಾನ್ಯ ಸಂಬಳದ ಜನರಿಗಾಗಿ. ಅಲ್ಲಿ 1947ರಲ್ಲಿ ಬಂದ ಜೆ39 ಎಂಬ ಬೀಚ್ ಮರದ ಕುರ್ಚಿಯಲ್ಲಿ ಅಲಂಕಾರವೆಂಬುದೇ ಇಲ್ಲ, ಹುರಿಯ ಆಸನ ಮತ್ತು ಬೆನ್ನಿಗೊಂದು ಅಗಲ ಪಟ್ಟಿ ಅಷ್ಟೆ. ಅದು ಜನರ ಕುರ್ಚಿ ಎಂದು ಹೆಸರಾಯಿತು. ಸ್ವೀಡನ್ನಿನಲ್ಲಿ 1943ರಲ್ಲಿ ಆರಂಭವಾದ ಐಕಿಯ ಕೂಡ ಒಳ್ಳೆಯ ವಿನ್ಯಾಸ ಕೈಗೆಟುಕುವ ಬೆಲೆಗೆ ಸಿಗಬೇಕೆಂಬ ಬಯಕೆಯ ಇನ್ನೊಂದು ಕವಲು. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಅದರ ಮಳಿಗೆ ತೆರೆದ ಮೇಲೆ ನಮ್ಮವರಿಗೆ ಸ್ಕ್ಯಾಂಡಿನೇವಿಯಾ ಎಂದರೆ ಅದೇ ಎನ್ನುವಂತಾಗಿದೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಕೋಪನ್‌ಹೇಗನ್ನಿನ ಬಡಗಿಗಳ ಪರಂಪರೆ ಬೇರೆಯದೇ ಆಗಿತ್ತು ಎಂಬುದು ತಿಳಿದಿರಲಿ ಎಂದಷ್ಟೇ ನನ್ನ ಕೋರಿಕೆ.

ಮರದ ಮಾತಿಗೆ ಬಂದರೆ, ಡೆನ್ಮಾರ್ಕಿನ ನೆಲದಲ್ಲಿ ತೇಗ ಬೆಳೆಯುವುದಿಲ್ಲ. 1897ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸ್ಥಾಪನೆಯಾದ ಈಸ್ಟ್ ಏಷಿಯಾಟಿಕ್ ಕಂಪನಿಗೆ ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ತೇಗದ ಕಾಡುಗಳ ವ್ಯಾಪಾರವಿತ್ತು, ಮತ್ತು ಎರಡನೆಯ ಮಹಾಯುದ್ಧದ ಬಳಿಕ ಏಷ್ಯಾದ ತೇಗ ಅಲ್ಲಿನ ಕಾರ್ಯಾಗಾರಗಳನ್ನು ತುಂಬಿತು. ಎಣ್ಣೆಯಂಶವಿರುವ, ಹವೆಯ ಬದಲಾವಣೆಗೆ ಹೆಚ್ಚು ಹಿಗ್ಗದ ಕುಗ್ಗದ ಈ ಮರದಲ್ಲಿ ಯೂಲ್ ತೆಳುವಾದ, ಅಂಚು ಚೂಪಾದ ತೋಳುಗಳನ್ನು ಕಡೆಸಿದರು. ಬೀಟೆಯ ಜಾತಿಯ ಮರಗಳೂ ಹೇರಳವಾಗಿ ಬಳಕೆಯಾದವು. ಬ್ರೆಜಿಲಿನ ಬೀಟೆಗೆ 1992ರಿಂದ ಅಳಿವಿನಂಚಿನ ಸಸ್ಯ ಮತ್ತು ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯಿದೆ. ನಮ್ಮ ಪಶ್ಚಿಮಘಟ್ಟದ ಬೀಟೆಯೂ 2017ರಲ್ಲಿ ನಿಯಂತ್ರಣದ ಪಟ್ಟಿಗೆ ಸೇರಿತು. ವಿದೇಶದಲ್ಲಿರುವ ಕನ್ನಡಿಗರು ಅಂಥ ಹಳೆಯ ಕುರ್ಚಿಯನ್ನು ಕೊಂಡು ಊರಿಗೆ ತರುವ ಮೊದಲು ಕಾಗದಪತ್ರಗಳನ್ನು ಸರಿಯಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ತರುವುದಿದ್ದರೆ ತೇಗದ್ದು ಕರಾವಳಿಯ ಹವೆಗೂ ಹೊಂದಿಕೊಳ್ಳುತ್ತದೆ. ಬೀಚ್ ಮರ ತೇವವನ್ನು ಬೇಗ ಹೀರಿಕೊಳ್ಳುತ್ತದೆ, ಹುಳು ಮತ್ತು ಗೆದ್ದಲಿಗೂ ಬೇಗ ತುತ್ತಾಗುತ್ತದೆ.

ಇಂಥ ಕುರ್ಚಿ ಕೈಗೆ ಬಂದವರು ಮೊದಲು ಅದನ್ನು ತಲೆಕೆಳಗು ಮಾಡಿ ನೋಡಬೇಕು. ಆಸನದ ಕೆಳಗಿನ ಪಟ್ಟಿಯಲ್ಲಿ ತಯಾರಕರ ಹೆಸರನ್ನು ಸುಟ್ಟು ಒತ್ತಿರುವುದುಂಟು. ಕಾಲು ಮತ್ತು ಪಟ್ಟಿ ಸೇರುವಲ್ಲಿ ಒಂದರ ನಾಲಗೆ ಇನ್ನೊಂದರ ಕುಳಿಯೊಳಗೆ ಕೂತಿದೆಯೇ, ಅಥವಾ ಬರಿಯ ಸ್ಕ್ರೂ ಹಿಡಿದು ನಿಂತಿದೆಯೇ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ. ಮೆತ್ತೆಯ ಕೆಳಗಿನ ರಬ್ಬರ್ ಪಟ್ಟಿಗಳು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಫೋಮ್ ಪುಡಿಯಾಗಿದ್ದರೆ ಗಾಬರಿ ಬೇಡ, ಅವು ಬದಲಾಯಿಸಲೆಂದೇ ಇರುವ ಭಾಗಗಳು. ಅಲುಗಾಡುವ ಕುರ್ಚಿಗೆ ಮೊಳೆ ಹೊಡೆಯುವುದು ಮಾತ್ರ ಕೂಡದು. ಒಳಗಿನ ನಾಲಗೆ ಮೊಳೆಯಿಂದ ಸೀಳುತ್ತದೆ, ಅಲ್ಲಿಂದ ಮುಂದೆ ದುರಸ್ತಿ ಕಷ್ಟ. ಪ್ರಾಣಿಜನ್ಯ ಸರೇಸಿನಲ್ಲಿ ಅಂಟಿಸಿದ ಜೋಡಣೆಯಾದರೆ ಬಿಸಿ ಮತ್ತು ತೇವ ಕೊಟ್ಟು ಸಡಿಲಿಸಿ, ಹಳೆಯ ಅಂಟನ್ನು ಪೂರ್ತಿ ತೆಗೆದು, ಮತ್ತೆ ಅಂಟಿಸಿ ಬಿಗಿಹಿಡಿದು ಒಣಗಿಸಬಹುದು. ಇನ್ನು, ಮೈಯನ್ನೆಲ್ಲ ಮರಳುಕಾಗದದಿಂದ ಉಜ್ಜಿ ಮೆಲಮೈನ್ ಪಾಲಿಶ್ ಬಳಿಸುವ ನಮ್ಮ ರೂಢಿ ಈ ಕುರ್ಚಿಗಳಿಗೆ ಹೇಳಿದ್ದಲ್ಲ. ತೇಗಕ್ಕೆ ಎಣ್ಣೆ, ಓಕ್ ಮತ್ತು ಬೀಚ್ ಮರಗಳಿಗೆ ಸೋಪಿನ ನೀರು, ಇದು ಡೆನ್ಮಾರ್ಕಿನ ಹಳೆಯ ಪದ್ಧತಿ. ಹೊಳಪು ಕಡಿಮೆಯಾದರೂ ಮರದ ಮೈ ಕೈಗೆ ತಾಗುತ್ತದೆ, ಗೀರು ಬಿದ್ದರೆ ಅಷ್ಟು ಜಾಗವನ್ನು ಮಾತ್ರ ಸರಿಪಡಿಸಬಹುದು.

ಇದೇ ಕಣ್ಣಿನಿಂದ ನಮ್ಮ ಮನೆಗಳ ಅಟ್ಟವನ್ನೂ ನೋಡಬೇಕೆಂದು ಓದುಗರಲ್ಲಿ ವಿನಂತಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಬಂಗಲೆಗಳಲ್ಲಿದ್ದ ಉದ್ದ ತೋಳಿನ ಬೆತ್ತದ ಆರಾಮಕುರ್ಚಿಗಳು ಬೆತ್ತ ಹರಿದುಹೋಯಿತೆಂಬ ಒಂದೇ ಕಾರಣಕ್ಕೆ ಗುಜರಿಗೆ ಹೋಗುವುದನ್ನು ಕಂಡಿದ್ದೇನೆ. ಚಂಡೀಗಢದ ಸರ್ಕಾರಿ ಕಚೇರಿಗಳಿಗಾಗಿ ವಾಸ್ತುಶಿಲ್ಪಿ ಪಿಯರ್ ಜನ್ನರೆ ಅವರ ನೇತೃತ್ವದಲ್ಲಿ ತಯಾರಾದ ತೇಗದ ಕುರ್ಚಿಗಳನ್ನು ರದ್ದಿಯೆಂದು ಮಾರಿದ ಮೇಲೆ ಅವು ಯುರೋಪ್ ಮತ್ತು ಅಮೆರಿಕದ ಹರಾಜುಗಳಲ್ಲಿ ದೊಡ್ಡ ಬೆಲೆಗೆ ಹೋದದ್ದು ಈಗ ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಅಟ್ಟದ ಕುರ್ಚಿಗೆ ಆ ಬೆಲೆ ಬರುತ್ತದೆಂದು ನಾನು ಹೇಳುತ್ತಿಲ್ಲ. ಅದರ ಚೌಕಟ್ಟು ಇನ್ನೂ ಗಟ್ಟಿಯಾಗಿದ್ದರೆ ಬೆತ್ತ ಹೆಣೆಯುವವರನ್ನು ಹುಡುಕಿ ಕೆಲಸ ಕೊಟ್ಟರೆ ಕುರ್ಚಿಯೂ ಉಳಿಯುತ್ತದೆ, ಆ ಕಸುಬೂ ಉಳಿಯುತ್ತದೆ.

ಕೊನೆಯದಾಗಿ ಒಂದು ಸಲಹೆಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಮುಂದಿಡುತ್ತೇನೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆವರಣವಿದೆ, ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ, ಹತ್ತಿರದ ಚನ್ನಪಟ್ಟಣದಲ್ಲಿ ಮರ ಕಡೆಯುವ ನುರಿತ ಕೈಗಳಿವೆ, ಊರೂರಿನಲ್ಲಿ ಬಡಗಿಗಳ ಮನೆತನಗಳಿವೆ. ಕೋಪನ್‌ಹೇಗನ್ನಿನ ಮಾದರಿಯಲ್ಲಿ ವರ್ಷಕ್ಕೊಮ್ಮೆ ಒಬ್ಬ ವಿನ್ಯಾಸಕ ಮತ್ತು ಒಬ್ಬ ಬಡಗಿ ಜೋಡಿಯಾಗಿ ಒಂದೊಂದು ಕುರ್ಚಿ ಮಾಡಿ ಸಾರ್ವಜನಿಕರ ಮುಂದಿಡುವ ಪ್ರದರ್ಶನವನ್ನು ಇವರೆಲ್ಲ ಸೇರಿ ಏರ್ಪಡಿಸಬಹುದು. ತೋಟದಲ್ಲಿ ಬೆಳೆದ ಸಿಲ್ವರ್ ಓಕ್, ಅಕೇಶಿಯ, ಹಲಸು ಇಂಥ ಮರಗಳನ್ನಷ್ಟೇ ಬಳಸಬೇಕು, ಬಿಚ್ಚಿ ದುರಸ್ತಿ ಮಾಡಲು ಬರಬೇಕು, ವಿನ್ಯಾಸಕರ ಹೆಸರಿನ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಬಡಗಿಯ ಹೆಸರನ್ನೂ ಬರೆಯಬೇಕು ಎಂಬ ಮೂರು ನಿಯಮಗಳಿದ್ದರೆ ಸಾಕು. ಅಂಥದ್ದೊಂದು ಪ್ರದರ್ಶನ ನಡೆಯುವುದಾದರೆ ಜೋಡಣೆಗಳ ಕೆಲಸವನ್ನು ಕಲಿಸಲು ನನ್ನ ಕೈಲಾದಷ್ಟು ಸಮಯವನ್ನು ಸಂಭಾವನೆಯಿಲ್ಲದೆ ಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪೀಠೋಪಕರಣ ದುರಸ್ತಿಗಾರ, ಮೈಸೂರು